ಈ ಗುಂಪಿನಲ್ಲಿ ಯಾರೂ ಇಲ್ಲ

ಮಧ್ಯಾಹ್ನದ ಬ್ಯಾಚಿನ ಹುಡುಗಿಯರು ಮೆಟ್ಟಿಲಿಳಿದು ಹೋದ ಮೇಲೆ ಹೀರಾ ಚಪ್ಪಲಿ ಬಿಟ್ಟು ಎದುರಿನ ಖಾಲಿ ಕುರ್ಚಿಯ ಮೇಲೆ ಕಾಲು ಚಾಚಿದಳು. ಗಂಟಲು ಒಣಗಿತ್ತು. ಫಾರ್ಮಿನಲ್ಲಿ ಜನ ತುಂಬಿದ ಮಾಹಿತಿ ಸರ್ವರಿಗೆ ಬಂದು ಮುಟ್ಟುವುದು ಹೇಗೆ ಎಂಬ ಪಾಠವನ್ನು ಈ ವರ್ಷ ಎಷ್ಟನೆಯ ಸಲ ಹೇಳಿದಳೋ ಅವಳಿಗೇ ಲೆಕ್ಕವಿರಲಿಲ್ಲ. ಪಾಠದ ನಡುವೆ ಕರೆಂಟು ಹೋಗಿ, ಬಂದು, ಮತ್ತೆ ಹೋಗಿತ್ತು.

ಕಾರವಾರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ಆ ಕಂಪ್ಯೂಟರ್ ಕೇಂದ್ರ. ಬೆಳಿಗ್ಗೆ ಲೆಕ್ಕಪತ್ರದ ಟ್ಯಾಲಿ, ಮಧ್ಯಾಹ್ನ ವೆಬ್ ಪ್ರೋಗ್ರಾಮಿಂಗ್, ಸಂಜೆ ಮತ್ತೆ ಟ್ಯಾಲಿ. ನಡುವೆ ಸಿಕ್ಕಿದ ಹೊತ್ತಿನಲ್ಲಿ ಮಾಲಕ ಮಧುಕರ ಎಲ್ಲಿಂದಲೋ ಹಿಡಿದು ತಂದ ಲಾಡ್ಜಿನವರ, ಶಾಲೆಯವರ, ಬೋಟಿನವರ ವೆಬ್‌ಸೈಟುಗಳು. ಎಲ್ಲವನ್ನೂ ಹೀರಾಳೇ ಮಾಡಬೇಕು. ಮನೆ ಇರುವುದು ಶಿರವಾಡದಲ್ಲಿ. ಅತ್ತೆಗೆ ಜ್ವರ ಬಂದು ಮಲಗಿದ್ದರು. ಗಂಡ ಸೂರಜ್ ಗೋವಾದ ಫ್ಯಾಕ್ಟರಿಯಿಂದ ಶನಿವಾರವೇ ಬರುವುದು. ಹಾಗಾಗಿ ಸಂಜೆಯ ಬ್ಯಾಚನ್ನು ಇವತ್ತೊಂದು ದಿನ ಬೇಗ ಬಿಡಲೇ ಎಂದು ಅವಳು ಯೋಚಿಸುತ್ತಿರುವಾಗಲೇ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುತ್ತ ಹತ್ತಿ ಬರುವುದು ಕೇಳಿಸಿತು.

ಬಂದವನು ಐವತ್ತರ ಆಸುಪಾಸಿನ ಗಂಡಸು. ಬಿಳಿ ಪಂಚೆ, ತೋಳು ಮಡಚಿದ ಅಂಗಿ, ಮುಂಗೈ ಮೇಲೆಲ್ಲ ಹಳೆಯ ಎಣ್ಣೆ ಸಿಡಿದ ಕಲೆಗಳು. ಹೀರಾ ಕಾಲು ಕೆಳಗಿಳಿಸಿದಳು.

"ಅಕ್ಕೋರೆ, ರಕ್ತ ಕೊಡುವವರ ವೆಬ್‌ಸೈಟು ಮಾಡಿದ್ದು ಇಲ್ಲಿಯೇ ಅಂತೆ ಹೌದಾ?"

"ಹೌದು. ಕೂತ್ಕೊಳ್ಳಿ."

ಆತ ಕೂತುಕೊಳ್ಳಲಿಲ್ಲ. "ನಾನು ಯಜ್ಞೇಶ್ವರ ಭಟ್ಟ. ರಾಮನಗುಳಿಯವ. ಮದುವೆ ಮುಂಜಿಗೆ ಅಡುಗೆ ಮಾಡ್ತೇನೆ. ನಂಗೆ ಒಂದೇ ಒಂದು ಹೆಸರು ನೋಡಿ ಹೇಳ್ಬೇಕು ನೀವು. ಪವನ್ ಭಟ್, ಅಂಕೋಲಾ. ಅವನ ಹೆಸರು ನಿಮ್ಮ ಸೈಟಲ್ಲಿ ಉಂಟೋ ಇಲ್ಲವೋ. ಇಲ್ಲ ಅಂದ್ರೆ ಇಲ್ಲ ಅನ್ನಿ, ಹೋಗ್ತೇನೆ."

ಹಾಗೆ ಸರ್ವರಿನೊಳಗೆ ಹುಡುಕಿ ಯಾರ ವಿವರವನ್ನೂ ಹೊರಗಿನವರಿಗೆ ಹೇಳುವ ಪದ್ಧತಿ ಇರಲಿಲ್ಲ. ಅದನ್ನು ಹೇಳಬೇಕೆಂದು ಹೀರಾ ಬಾಯಿ ತೆರೆದಳು. ಆತನ ಮುಖ ನೋಡಿ ಸುಮ್ಮನಾದಳು. ಬಹಳ ದೂರ ಬಂದು, ಬಂದದ್ದೇ ತಪ್ಪಾಯಿತೇನೋ ಎಂಬಂತಿತ್ತು ಆ ಮುಖ.

"ಪವನ್ ನಿಮಗೆ ಏನಾಗಬೇಕು?"

"ಹೆಂಡತಿಯ ತಮ್ಮ. ಈಗ ಮಾತಿಲ್ಲ. ವರ್ಷದ ಮೇಲಾಯ್ತು."

ಊರಿನ ರಕ್ತದಾನಿಗಳ ಬಳಗಕ್ಕಾಗಿ ಆ ವೆಬ್‌ಸೈಟನ್ನು ಹೀರಾ ಮಾಡಿಕೊಟ್ಟಿದ್ದಳು. ಬಳಗದ ಕಾರ್ಯದರ್ಶಿ ಲಲಿತಾಬಾಯಿ ನಿವೃತ್ತ ನರ್ಸು. ಕಾಲೇಜುಗಳಲ್ಲಿ ಶಿಬಿರ ಮಾಡಿ ಮಕ್ಕಳಿಂದ ಹೆಸರು ಕೊಡಿಸುತ್ತಿದ್ದರು. ಹೆಸರು, ಊರು, ಫೋನು, ರಕ್ತದ ಗುಂಪು ತುಂಬುವ ಒಂದು ಫಾರ್ಮು. ಬೇಕಾದವರು ಹುಡುಕಲಿಕ್ಕೆ ಮುಖಪುಟದಲ್ಲಿ ಎಂಟು ಗುಂಪುಗಳ ಎಂಟು ಗುಂಡಿ. ಒಂದನ್ನು ಒತ್ತಿದರೆ ಆ ಗುಂಪಿನ ದಾನಿಗಳ ಹೆಸರು ಬರಬೇಕು.

ಕರೆಂಟು ಬಂತು. ಹೀರಾ ಸರ್ವರಿನ ಒಳಗೆ ಹೋಗಿ ಹುಡುಕಿದಳು.

"ಇದ್ದಾರೆ. ಪವನ್ ಭಟ್, ಅಂಕೋಲಾ. ಬಿ ಪಾಸಿಟಿವ್. ಹೆಸರು ಕೊಟ್ಟು ಮೂರು ವರ್ಷದ ಹತ್ತಿರ ಆಯ್ತು."

ಯಜ್ಞೇಶ್ವರ ಭಟ್ಟ ಈಗ ಕೂತ. ಮೇಜಿನ ಅಂಚನ್ನು ಹಿಡಿದುಕೊಂಡು ಕೂತ.

"ಇದು ಈಗ ಸೇರಿಸಿದ್ದಲ್ಲವಲ್ಲ?"

"ನಾ ಯಾಕೆ ಸೇರಿಸ್ಲಿ ಭಟ್ರೆ? ಅವ್ರು ಯಾರು ಅಂತ್ಲೇ ನಂಗೆ ಗೊತ್ತಿಲ್ಲ."

"ಹಾಗಾದ್ರೆ ಆವತ್ತು ಯಾಕೆ ಇರ್ಲಿಲ್ಲ? ನಾನೇ ಕಣ್ಣಾರೆ ನೋಡಿದ್ದೇನೆ. ಈ ಊರಲ್ಲಿ, ಆಸ್ಪತ್ರೆ ಎದುರಿನ ಸೈಬರಿನಲ್ಲಿ. ಅಂಗಡಿಯವನ ಹತ್ರ ಎಲ್ಲ ಗುಂಪನ್ನೂ ಒತ್ತಿಸಿದೆ. ಪವನನ ಹೆಸರು ಎಲ್ಲೂ ಇರ್ಲಿಲ್ಲ."

ಹೀರಾಗೆ ಸ್ವಲ್ಪ ಸಿಟ್ಟು ಬಂತು. ಜನ ಎಲ್ಲೋ ಏನೋ ಒತ್ತಿ, ಏನೋ ಓದಿ, ಆಮೇಲೆ ಬಂದು ಇವಳನ್ನು ಕೇಳುವುದು ಹೊಸದಲ್ಲ. ಮಾತಾಡುವ ಬದಲು ಮುಖಪುಟ ತೆರೆದು, ಆತನಿಗೆ ಕಾಣುವ ಹಾಗೆ ಪರದೆಯನ್ನು ತಿರುಗಿಸಿ, ಬಿ ಪಾಸಿಟಿವ್ ಎಂಬ ಗುಂಡಿ ಒತ್ತಿದಳು.

ಪುಟ ನಿಧಾನವಾಗಿ ತೆರೆಯಿತು. 'ಈ ಗುಂಪಿನಲ್ಲಿ ಯಾರೂ ಇಲ್ಲ.'

ಅವಳೇ ಬರೆದ ವಾಕ್ಯ.

"ಇದೇ," ಎಂದ ಯಜ್ಞೇಶ್ವರ ಭಟ್ಟ. "ಇದೇ ಬಂದಿತ್ತು."

ಅವಳು ಓ ಪಾಸಿಟಿವ್ ಒತ್ತಿದಳು. ಯಾರೂ ಇಲ್ಲ. ಎ ಪಾಸಿಟಿವ್. ಯಾರೂ ಇಲ್ಲ. ಎ ನೆಗೆಟಿವ್ ಒತ್ತಿದಾಗ ಮಾತ್ರ ಐದಾರು ಹೆಸರು ಬಂದವು. ಎಲ್ಲಕ್ಕಿಂತ ಮೇಲೆ ಅವಳದೇ ಹೆಸರು. ಹೀರಾಳ ರಕ್ತ ಎ ನೆಗೆಟಿವ್. ಸೈಟು ಮಾಡಿ ಮುಗಿಸಿದ ದಿನ ಅವಳು ತನ್ನ ಹೆಸರನ್ನೇ ತುಂಬಿ, ತನ್ನ ಗುಂಪಿನ ಗುಂಡಿಯನ್ನೇ ಒತ್ತಿ, ಹೆಸರು ಬಂತೆಂದು ನೋಡಿ, ಎಲ್ಲ ಸರಿಯಿದೆಯೆಂದು ಮಧುಕರನಿಗೆ ಹೇಳಿ ಮನೆಗೆ ಹೋಗಿದ್ದಳು.

ತಪ್ಪು ಎಲ್ಲಿದೆಯೆಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವೆಬ್ ವಿಳಾಸದೊಳಗೆ ಖಾಲಿ ಜಾಗ ಬಿಡುವ ಹಾಗಿಲ್ಲ. ಅದಕ್ಕೆ ಖಾಲಿ ಜಾಗದ ಬದಲು ಕೂಡಿಸುವ ಚಿಹ್ನೆ ಹಾಕಿ ಕಳಿಸುವುದು ಹಳೆಯ ರೂಢಿ. ಆ ಕಡೆಯ ಸರ್ವರು ಕೂಡಿಸುವ ಚಿಹ್ನೆಯನ್ನು ಕಂಡಲ್ಲೆಲ್ಲ ಅದನ್ನು ತೆಗೆದು ಮತ್ತೆ ಖಾಲಿ ಜಾಗ ಮಾಡಿಕೊಳ್ಳುತ್ತದೆ. ನಿಜವಾಗಿಯೂ ಕೂಡಿಸುವ ಚಿಹ್ನೆಯನ್ನೇ ಕಳಿಸಬೇಕಾದರೆ ಅದನ್ನು ಸಂಕೇತವಾಗಿ ಬದಲಿಸಿ ಕಳಿಸಬೇಕು. ಫಾರ್ಮು ತುಂಬಿ ಕಳಿಸುವಾಗ ಬ್ರೌಸರೇ ಆ ಕೆಲಸ ಮಾಡಿಬಿಡುತ್ತದೆ. ಹಾಗಾಗಿ ದಾನಿಗಳ ಹೆಸರು, ಗುಂಪು ಎಲ್ಲ ಸರಿಯಾಗಿಯೇ ಒಳಗೆ ಹೋಗಿ ಕೂತಿದ್ದವು. ಆದರೆ ಮುಖಪುಟದ ಎಂಟು ಗುಂಡಿಗಳ ವಿಳಾಸವನ್ನು ಹೀರಾ ಕೈಯಾರೆ ಬರೆದಿದ್ದಳು, ಬದಲಿಸದೆ, ಇದ್ದ ಹಾಗೇ. ಒತ್ತಿದವರು ಕೇಳಿದ್ದು 'ಬಿ ಪ್ಲಸ್', ಅಂದರೆ ಬಿ ಪಾಸಿಟಿವ್. ಸರ್ವರಿಗೆ ಕೇಳಿಸಿದ್ದು 'ಬಿ', ಅದರ ಮುಂದೆ ಒಂದು ಖಾಲಿ ಜಾಗ. ಅಂಥ ರಕ್ತ ಭೂಮಿಯ ಮೇಲೆ ಯಾರಿಗೂ ಇಲ್ಲ. ಕಳೆಯುವ ಚಿಹ್ನೆಯ ನೆಗೆಟಿವ್ ಗುಂಪುಗಳಿಗೆ ಮಾತ್ರ ಈ ಕಷ್ಟ ಇರಲಿಲ್ಲ.

ಇದನ್ನೇ ಅವಳು ಪ್ರತಿ ಬ್ಯಾಚಿಗೂ ಹೇಳಿಕೊಡುತ್ತಿದ್ದಳು. ಸೈಟು ಮಾಡುವ ಹೊತ್ತಿಗೆ ಅವಳಿಗೂ ಅದು ಗೊತ್ತಿತ್ತು. ಆದರೆ ಆ ಸಂಜೆ ದಣಿದಿದ್ದಳು. ಈ ಸಂಜೆಯ ಹಾಗೇ.

ನಾಲ್ಕು ಸಾಲು ತಿದ್ದಿದಳು. ಮತ್ತೆ ಬಿ ಪಾಸಿಟಿವ್ ಒತ್ತಿದಳು. ಪುಟ ತುಂಬ ಹೆಸರುಗಳು ಇಳಿದವು: ಕಾರವಾರ, ಚಿತ್ತಾಕುಲ, ಅಂಕೋಲಾ, ಶಿರವಾಡ. ಯಜ್ಞೇಶ್ವರ ಭಟ್ಟ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿದ.

"ಇಷ್ಟು ಜನ ಇದ್ರಾ?"

"ಇದ್ರು."

"ತಪ್ಪು ನನ್ನದಾ, ನಿಮ್ಮದಾ?"

"ನನ್ನದು ಭಟ್ರೆ."

ಆತ ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಆತ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

"ನನ್ನ ಹೆಂಡತಿ ದೇವಕಿಗೆ ಗರ್ಭಕೋಶದ ತೊಂದರೆ. ಒಮ್ಮೆಲೇ ರಕ್ತ ಹೋಗ್ಲಿಕ್ಕೆ ಶುರುವಾಯ್ತು. ಇಲ್ಲಿಗೆ ಕರ್ಕೊಂಡು ಬಂದೆ. ಬಿ ಪಾಸಿಟಿವ್ ರಕ್ತ ಮುಗಿದಿದೆ, ಹೊಂದಿಸಿ ಅಂದ್ರು ಡಾಕ್ಟ್ರು. ನಂದು ಬೇರೆ ಗುಂಪು, ಮಗಳದು ನಂದೇ. ವೆಬ್‌ಸೈಟು ಉಂಟು ನೋಡಿ ಅಂತ ಅಲ್ಲಿ ಒಬ್ಬ ಹೇಳಿದ. ನೋಡಿದ್ರೆ ಯಾರೂ ಇಲ್ಲ. ಇಡೀ ಜಿಲ್ಲೆಯಲ್ಲಿ ಇಲ್ಲ ಅಂದ್ರೆ ಇನ್ನು ಯಾರನ್ನ ಕೇಳೋದು? ಆಂಬುಲೆನ್ಸ್ ಮಾಡಿ ಗೋವಾದ ಮಡಗಾಂವಿಗೆ ಹೊರಟೆ. ಕಾಳಿ ಹೊಳೆಯ ಸೇತುವೆ ದಾಟುವಾಗ ಅವಳ ಕೈ ತಣ್ಣಗಾಗಿತ್ತು. ಅಲ್ಲಿ ಯಾರೋ ಒಬ್ಬ ಮೀನು ಲಾರಿಯ ಡ್ರೈವರು ರಕ್ತ ಕೊಟ್ಟ. ಪಾಪ, ಅವನ ಹೆಸರೂ ಕೇಳ್ಲಿಲ್ಲ ನಾನು."

"ಈಗ ಹೇಗಿದ್ದಾರೆ?"

"ಇದ್ದಾಳೆ. ಮೊದಲಿನ ಹಾಗೆ ಆಗ್ಲಿಲ್ಲ. ನಾಲ್ಕು ಕೊಡ ನೀರು ತಂದ್ರೆ ಕೂತ್ಬಿಡ್ತಾಳೆ."

ಆಮೇಲೆ ಪವನನ ವಿಷಯ ಹೇಳಿದ. ಪವನನಿಗೆ ಅಂಕೋಲೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಒಂದು ಸಲ ಹಬ್ಬದ ಊಟಕ್ಕೆ ಬಂದಾಗ ರಕ್ತ ಕೊಡುವವರ ಸೈಟಿನಲ್ಲಿ ಹೆಸರು ಕೊಟ್ಟಿದ್ದೇನೆಂದು ಎಲ್ಲರೆದುರು ಹೇಳಿದ್ದ. ದೇವಕಿ ಚೇತರಿಸಿಕೊಂಡು ಮನೆಗೆ ಬಂದ ಮೇಲೆ ನೋಡಲು ಬಂದ. "ಭಾವ, ನನ್ನದೂ ಬಿ ಪಾಸಿಟಿವ್ವೇ. ಹೇಳಿದ್ರೆ ಓಡಿ ಬರ್ತಿದ್ದೆ" ಎಂದ. ಯಜ್ಞೇಶ್ವರ ಭಟ್ಟನಿಗೆ ಎಲ್ಲಿತ್ತೋ ಸಿಟ್ಟು. ಹೆಸರೇ ಕೊಡದೆ ಕೊಟ್ಟೆ ಅಂತ ಸುಳ್ಳು ಹೇಳಿದವ ನೀನು, ಈಗ ಕೆಲಸ ಮುಗಿದ ಮೇಲೆ ಬಂದು ನಾಟಕ ಮಾಡ್ತೀಯಾ ಎಂದುಬಿಟ್ಟ. ಪವನ್ ತನ್ನ ಮುಂದಿಟ್ಟ ಕಷಾಯ ಕುಡಿಯದೆ ಎದ್ದು ಹೋದ. ಆವತ್ತಿನಿಂದ ಬರುವುದಿಲ್ಲ, ಹೋಗುವುದಿಲ್ಲ.

"ಬರುವ ವಾರ ಅತ್ತೆಯ ತಿಥಿ, ಅಂಕೋಲೆಯಲ್ಲಿ. ದೇವಕಿ ಹೋಗ್ಲೇಬೇಕು ಅಂತಾಳೆ. ಅಮ್ಮನ ತಿಥಿಗೆ ತಮ್ಮನ ಮನೆಗೆ ಹೋಗ್ಲಿಕ್ಕೂ ನಿಮ್ಮ ಅಪ್ಪಣೆ ಬೇಕಾ ಅಂದ್ಲು. ಕಡೆಗೆ ಅವಳೇ ಹೇಳಿದ್ಲು, ಕಾರವಾರಕ್ಕೆ ಹೋಗಿ ಆ ಸೈಟು ಮಾಡಿದವರನ್ನೇ ಕೇಳಿ ಬನ್ನಿ, ಅವನ ಹೆಸರು ಇಲ್ಲ ಅಂದ್ರೆ ನಾನು ಇನ್ನು ಅವನ ಸುದ್ದಿ ಎತ್ತೋದಿಲ್ಲ ಅಂತ."

ಆತ ಎದ್ದ. ಬಾಗಿಲ ತನಕ ಹೋಗಿ ನಿಂತ.

"ಅಕ್ಕೋರೆ, ನೀವೊಮ್ಮೆ ಅಂಕೋಲೆಗೆ ಬರ್ಬೇಕು. ನಾನೇ ಹೋಗಿ ಕಂಪ್ಯೂಟರ್ ತಪ್ಪು ಮಾಡ್ತು ಅಂದ್ರೆ ಅವ ನಂಬೋದಿಲ್ಲ. ನಾನೂ ಅವನನ್ನ ನಂಬ್ಲಿಲ್ಲವಲ್ಲ."

ಸಂಜೆಯ ಬ್ಯಾಚು ಮುಗಿದ ಮೇಲೆ ಮಧುಕರ ಬಂದ. ಹೀರಾ ಎಲ್ಲವನ್ನೂ ಹೇಳಿದಳು. ಅವನು ಬಾಗಿಲು ಹಾಕಿಕೊಂಡ.

"ಸರಿ ಮಾಡಿದ್ದೀಯಲ್ಲ, ಆಯ್ತು. ಇನ್ನು ಊರೂರಿಗೆ ಹೋಗಿ ನಮ್ಮದು ತಪ್ಪಾಯ್ತು ಅಂತ ಡಂಗುರ ಹೊಡೀಬೇಕಾ? ನಾಳೆ ಬೇರೆ ಯಾರೋ ಬರ್ತಾರೆ, ನಮ್ಮ ಮನೇಲೂ ಹಾಗೇ ಆಯ್ತು ಅಂತಾರೆ. ಏನು ಹೇಳ್ತೀಯ?"

"ಹೌದು ಅಂತೇನೆ."

"ನಿಂಗೆ ತಲೆ ಸರಿ ಇಲ್ಲ, ಹೀರಾ. ಮನೆಗೆ ಹೋಗಿ ಮಲಗು."

ಅವಳಿಗೂ ಮಲಗಬೇಕೆಂದೇ ಇತ್ತು. ಶಿರವಾಡದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಅವಳನ್ನು ಕಾಡಿದ್ದು ಯಜ್ಞೇಶ್ವರ ಭಟ್ಟನಲ್ಲ. ಆತ ಬಂದು ಕೇಳಿದ. ಉಳಿದವರು? ಮೂರು ವರ್ಷದಲ್ಲಿ ಎಷ್ಟೋ ಮಂದಿ ಆ ಗುಂಡಿ ಒತ್ತಿರಬೇಕು. 'ಯಾರೂ ಇಲ್ಲ' ಎಂದು ಓದಿರಬೇಕು. ಒಬ್ಬರಾದರೂ ಫೋನು ಮಾಡಿ, ಇದೇನು ಹೀಗೆ, ಎನ್ನಲಿಲ್ಲ. ಇಲ್ಲ ಎನ್ನಿಸಿಕೊಂಡು ಎದ್ದು ಹೋಗುವುದು ಈ ಊರಿನ ಜನಕ್ಕೆ ಎಷ್ಟು ಅಭ್ಯಾಸವಾಗಿಬಿಟ್ಟಿದೆ ಎಂದುಕೊಂಡಳು. ಅವಳಾಗಿದ್ದರೂ ಎದ್ದೇ ಹೋಗುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅತ್ತೆಗೆ ಗಂಜಿ ಮಾಡಿಕೊಟ್ಟು, ರಜೆಗೆ ಬಂದಿದ್ದ ಸೂರಜನಿಗೆ ಮಧ್ಯಾಹ್ನ ಬರುತ್ತೇನೆಂದು ಹೇಳಿ ಅಂಕೋಲೆಯ ಬಸ್ಸು ಹತ್ತಿದಳು. ಬಿಣಗಾ ದಾಟುವಷ್ಟರಲ್ಲಿ ನಿದ್ದೆ ಹತ್ತಿತ್ತು. ಕಂಡಕ್ಟರು ಎಬ್ಬಿಸಿದ.

ಮೊದಲೇ ಫೋನು ಮಾಡಿ ತಿಳಿಸಿದ್ದರಿಂದ ಯಜ್ಞೇಶ್ವರ ಭಟ್ಟ ಸ್ಟ್ಯಾಂಡಿನಲ್ಲೇ ಕಾದಿದ್ದ. ಪೇಟೆಯ ರಸ್ತೆಯಲ್ಲಿ ಮುಂದೆ ಮುಂದೆ ನಡೆದವನು ಅಂಗಡಿ ಕಂಡ ಕೂಡಲೇ ಹಿಂದಾದ. "ನೀವು ಹೋಗಿ ಮಾತಾಡಿ. ನಾ ಇಲ್ಲೇ ಇರ್ತೇನೆ" ಎಂದು ಎದುರಿನ ಬಟ್ಟೆ ಅಂಗಡಿಯ ನೆರಳಿಗೆ ನಿಂತ.

ಪವನ್ ಮೂವತ್ತರ ಒಳಗಿನವನು. ತೆರೆದಿಟ್ಟ ಮೊಬೈಲೊಂದನ್ನು ಬ್ರಷ್ಷಿನಿಂದ ಒರೆಸುತ್ತ, ತಲೆಯೆತ್ತದೆ, "ಫೋನಿಗೆ ಕರೆನ್ಸಿ ಹಾಕ್ಬೇಕಾ?" ಎಂದ. ಹೀರಾ ತಾನು ಯಾರೆಂದು ಹೇಳಿದಳು. ಏನಾಯಿತೆಂದು ಹೇಳಿದಳು. ಹೇಳುವಾಗ ಅವಳಿಗೇ ಅದು ಎಷ್ಟು ಸಣ್ಣ ವಿಷಯ ಎನಿಸಿತು. ಒಂದು ಚಿಹ್ನೆ, ಒಂದು ಖಾಲಿ ಜಾಗ. ಪವನ್ ಪೂರ್ತಿ ಕೇಳಿದ. ಅವನಿಗೆ ತಂತ್ರದ ಮಾತು ಬೇಗ ಅರ್ಥವಾಯಿತು.

"ಅಂದ್ರೆ ನನ್ನ ಹೆಸರು ಇತ್ತು."

"ಇತ್ತು."

"ನಂಗೆ ಗೊತ್ತಿತ್ತಲ್ಲ ಅಕ್ಕೋರೆ. ನಾನೇ ಕೊಟ್ಟದ್ದು." ಬ್ರಷ್ಷು ಕೆಳಗಿಟ್ಟ. "ಇದನ್ನ ಹೇಳ್ಲಿಕ್ಕೆ ಕಾರವಾರದಿಂದ ಬಂದ್ರಾ?"

"ತಪ್ಪು ನನ್ನದು. ನಿಮ್ಮ ಭಾವನ ಮೇಲೆ ಸಿಟ್ಟು ಇಟ್ಕೊಬೇಡಿ."

ಪವನ್ ರಸ್ತೆಯ ಆಚೆ ನೋಡಿದ. ನೆರಳಿನಲ್ಲಿ ನಿಂತವನನ್ನು ಆಗಲೇ ಕಂಡಿದ್ದನೆಂದು ತೋರುತ್ತದೆ. "ಭಾವ, ಅಲ್ಲಿ ಎಂತಕ್ಕೆ ನಿಂತದ್ದು? ಒಳಗೆ ಬಾ" ಎಂದು ಕೂಗಿದ. ಯಜ್ಞೇಶ್ವರ ಭಟ್ಟ ರಸ್ತೆ ದಾಟಿ ಬಂದ. ಬಂದವರಿಗೆ ಕೂರಲು ಒಂದೇ ಸ್ಟೂಲು ಇತ್ತು. ಅದರ ಮೇಲೆ ಹೀರಾ ಕೂತಿದ್ದಳು. ಅವಳು ಎದ್ದಳು. ಯಾರೂ ಕೂರಲಿಲ್ಲ.

"ಇವ್ರು ಹೇಳಿದ್ರು," ಎಂದ ಪವನ್. "ಪ್ಲಸ್ ಚಿಹ್ನೆ ಬಿದ್ದು ಹೋಗಿತ್ತಂತೆ. ಇರ್ಲಿ. ಮಶೀನು, ತಪ್ಪಾಗ್ತದೆ. ನಾನೂ ದಿನಾ ನೋಡ್ತೇನೆ. ಆದ್ರೆ ನಿನ್ನ ಬಾಯಿ ಎಲ್ಲಿ ಬಿದ್ದು ಹೋಗಿತ್ತು ಭಾವ? ನನ್ನ ನಂಬರು ಇತ್ತಲ್ಲ ನಿನ್ನ ಹತ್ರ. ಪವನ, ನಿನ್ನ ರಕ್ತ ಯಾವುದು, ಬರ್ತೀಯಾ ಅಂತ ಒಂದು ಮಾತು. ನಾ ಆವತ್ತು ಇಲ್ಲೇ ಇದ್ದೆ, ಇದೇ ಕುರ್ಚಿ ಮೇಲೆ. ಬೈಕ್ ಹತ್ತಿದ್ರೆ ಗಂಟೆಯೊಳಗೆ ಕಾರವಾರ."

ಯಜ್ಞೇಶ್ವರ ಭಟ್ಟ ಗಾಜಿನ ಪೆಟ್ಟಿಗೆಯೊಳಗಿನ ಮೊಬೈಲುಗಳನ್ನು ನೋಡುತ್ತ ನಿಂತ.

"ಫೋನು ಕೈಯಲ್ಲೇ ಇತ್ತು," ಎಂದ ಕಡೆಗೆ. "ಹೆಸರು ಕೊಟ್ಟಿಲ್ಲ ಅಂದ್ರೆ ಮನಸ್ಸಿಲ್ಲ ಅಂತ್ಲೇ ಅಲ್ದಾ. ಕೇಳಿ, ನೀನು ಇಲ್ಲ ಅಂದ್ರೆ? ಆಮೇಲೆ ನಿನ್ನ ಮುಖ ನಾ ಹೇಗೆ ನೋಡ್ಲಿ, ನನ್ನ ಮುಖ ನೀ ಹೇಗೆ ನೋಡ್ತೀಯ? ಅದಕ್ಕಿಂತ ಮಡಗಾಂವಿಗೆ ಹೋಗೋದೇ ಸುಲಭ ಅನ್ನಿಸ್ತು. ಆ ಹೊತ್ತಿಗೆ ಹಾಗೇ ಅನ್ನಿಸ್ತು ಮಾರಾಯ."

"ಅವಳು ನನ್ನ ಅಕ್ಕ," ಎಂದ ಪವನ್. ಅವನ ದನಿ ಮೊದಲ ಸಲ ಏರಿತು. "ನಿನ್ನ ಹೆಂಡ್ತಿ ಆಗುವ ಮೊದಲೇ ಅವಳು ನನ್ನ ಅಕ್ಕ. ನಂಗೆ ಸುಳ್ಳ ಅಂದದ್ದು ಬಿಡು. ಅವಳು ದಾರಿಯಲ್ಲೇ ಹೋಗಿದ್ರೆ?"

ಅಷ್ಟರಲ್ಲಿ ಒಬ್ಬ ಹೆಂಗಸು ಚಾರ್ಜರು ಕೇಳಿಕೊಂಡು ಬಂದಳು. ಪವನ್ ಎರಡು ಮೂರು ತೆಗೆದು ತೋರಿಸಿದ. ಅವಳು ಯಾವುದನ್ನೂ ಒಪ್ಪದೆ ಹೋದಳು. ಅವುಗಳ ವೈರು ಸುತ್ತಿ ಸುತ್ತಿ ಡಬ್ಬಿಗೆ ತುಂಬುತ್ತ ಪವನ್ ತಾನಾಗಿಯೇ ಹೇಳಿದ:

"ಗುರುವಾರ ತಿಥಿ. ಅಕ್ಕನ್ನ ಬೆಳಿಗ್ಗೆಯೇ ಕರ್ಕೊಂಡು ಬಾ. ಬಸ್ಸು ಬೇಡ, ಅವಳಿಗೆ ಆಗೋದಿಲ್ಲ. ನಾ ಕಾರು ಕಳಿಸ್ತೇನೆ."

"ಅಡುಗೆಗೆ ನಾನೇ..."

"ಬೇರೆಯವರಿಗೆ ಹೇಳಿ ಆಗಿದೆ. ನೀನು ಬಂದು ಊಟ ಮಾಡು, ಸಾಕು."

ಯಜ್ಞೇಶ್ವರ ಭಟ್ಟ ತಲೆಯಾಡಿಸಿದ. ಅದು ಕರೆದದ್ದೋ, ದೂರ ಇಟ್ಟದ್ದೋ ಹೀರಾಗೆ ತಿಳಿಯಲಿಲ್ಲ. ಆತನಿಗೂ ತಿಳಿದಿರಲಾರದು. ಸ್ಟ್ಯಾಂಡಿನ ತನಕ ಆತ ಅವಳ ಜೊತೆ ಬಂದ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ನಿಮಗೂ ತೊಂದ್ರೆ ಆಯ್ತು ಅಕ್ಕೋರೆ" ಎಂದ.

ಸೋಮವಾರ ಹೀರಾ ಲಲಿತಾಬಾಯಿಯ ಮನೆಗೆ ಹೋದಳು. ಅವರು ಕನ್ನಡಕದ ಮೇಲಿನಿಂದ ನೋಡುತ್ತ ಎಲ್ಲವನ್ನೂ ಕೇಳಿದರು.

"ಸೈಟು ನೋಡಿ ಫೋನು ಮಾಡಿದೆವು ಅಂತ ನಂಗೆ ಯಾರೂ ಹೇಳ್ತಿರ್ಲಿಲ್ಲ, ಹೀರಾ. ಜನಕ್ಕೆ ಇಂಟರ್ನೆಟ್ ಗೊತ್ತಿಲ್ಲ ಅಂದ್ಕೊಂಡಿದ್ದೆ. ನಾನೂ ಒಮ್ಮೆ ಒತ್ತಿ ನೋಡ್ಲಿಲ್ಲ ನೋಡು." ಆಮೇಲೆ, "ಮುಖಪುಟದಲ್ಲಿ ಹಾಕು. ಇಷ್ಟು ದಿನ ತಪ್ಪು ತೋರಿಸ್ತಿತ್ತು, ಈಗ ಸರಿಯಾಗಿದೆ ಅಂತ. ನನ್ನ ಮನೆ ಫೋನ್ ನಂಬರೂ ಹಾಕು. ಬೈಯುವವರು ನಂಗೇ ಬೈಲಿ. ನಾ ವಾರ್ಡಿನಲ್ಲಿ ಇದ್ದವಳು, ಅಭ್ಯಾಸ ಉಂಟು" ಎಂದರು.

ಹೀರಾ ಹಾಕಿದಳು. ಮಧುಕರ ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ. ಬೈಯಲು ಯಾರೂ ಫೋನು ಮಾಡಲಿಲ್ಲ. ಎಂಟೂ ಗುಂಡಿಗಳನ್ನು ಬೆಳಿಗ್ಗೆ ಬಂದ ಕೂಡಲೇ ಒಮ್ಮೆ ಒತ್ತಿ ನೋಡುವುದು ಅವಳಿಗೆ ರೂಢಿಯಾಯಿತು. ಎಲ್ಲ ಸರಿಯಿದೆಯೆಂದು ಗೊತ್ತಿದ್ದೂ ಒತ್ತುತ್ತಿದ್ದಳು.

ತಿಥಿ ಕಳೆದ ಮೇಲೆ, ಒಂದು ಮಧ್ಯಾಹ್ನ, ಕೇಂದ್ರದ ಫೋನಿಗೆ ಒಬ್ಬ ಹೆಂಗಸು ಕರೆ ಮಾಡಿದಳು. ದನಿ ಸಣ್ಣದು. ಪ್ರತಿ ಮಾತಿಗೂ ಸ್ವಲ್ಪ ನಿಲ್ಲುತ್ತಿತ್ತು.

"ನಾನು ದೇವಕಿ. ರಾಮನಗುಳಿಯಿಂದ. ನಮ್ಮನೆಯವರು ನಿಮ್ಮ ನಂಬರು ಕೊಟ್ರು."

ಹೀರಾ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ತಾನು ಕ್ಷಮೆ ಕೇಳಬೇಕಾದ ಮುಖ್ಯ ಮನುಷ್ಯಳು ಇವಳೇ ಎಂದು ಅವಳಿಗೆ ಆಗಲೇ ಹೊಳೆದದ್ದು. ಗಂಡಸರಿಬ್ಬರ ನಡುವಿನ ಮಾತು ಸರಿ ಮಾಡುವ ಗಡಿಬಿಡಿಯಲ್ಲಿ ರಾಮನಗುಳಿಗೆ ಹೋಗಬೇಕೆಂದು ಅನಿಸಿಯೇ ಇರಲಿಲ್ಲ.

"ದೇವಕಿ ಅಕ್ಕಾ, ನಾನು... ನನ್ನಿಂದ ನಿಮಗೆ..."

"ಅದು ಬಿಡಿ. ಆಗಿ ಮುಗೀತಲ್ಲ. ನಾ ಫೋನು ಮಾಡಿದ್ದು ತಿಥಿಗೆ ಹೋಗಿದ್ದೆವು ಅಂತ ಹೇಳ್ಲಿಕ್ಕೆ. ಇಬ್ರೂ ಒಂದೇ ಪಂಕ್ತಿಯಲ್ಲಿ ಕೂತ್ರು."

"ಮಾತಾಡಿದ್ರಾ?"

"ಮಾತಾಡಿದ್ರು. ಮೊಬೈಲ್ ಬ್ಯಾಟ್ರಿ ಬಗ್ಗೆ." ದೇವಕಿ ನಕ್ಕಂತಾಯಿತು, ಅಥವಾ ಉಸಿರೆಳೆದುಕೊಂಡಳು. "ಇವ್ರ ಫೋನಿನ ಬ್ಯಾಟ್ರಿ ಬೇಗ ಖಾಲಿಯಾಗ್ತದೆ. ಪವನ ಬೇರೆ ಹಾಕಿಕೊಟ್ಟ. ಬೇರೆ ಮಾತಿಲ್ಲ."

"ಅಷ್ಟೇಯಾ?"

"ಅಷ್ಟೇ. ಮೊದಲಿನ ಹಾಗೆ ಜೋರಾಗಿ ನಗೋದು, ಇಸ್ಪೀಟು ಆಡೋದು, ಅದೆಲ್ಲ ಇಲ್ಲ. ಮುಂದೆ ಬಂದ್ರೆ ಬಂತು." ಆ ಕಡೆ ಪಾತ್ರೆ ಇಟ್ಟ ಸದ್ದು ಕೇಳಿಸಿತು. "ನನ್ನ ಹೆಸರನ್ನೂ ಸೇರಿಸಿ ಅಂತ ಹೇಳ್ಬೇಕು ಅಂದ್ಕೊಂಡೆ. ಆಮೇಲೆ ನೆನಪಾಯ್ತು, ನಾನಿನ್ನು ಯಾರಿಗೂ ಕೊಡುವ ಹಾಗಿಲ್ಲ ಅಂದಿದ್ದಾರೆ ಡಾಕ್ಟ್ರು. ಮಗಳು ಸಿಂಚನಾಗೆ ಹದಿನೆಂಟು ತುಂಬಲಿ, ಅವಳದ್ದು ಸೇರಿಸ್ತೇನೆ."

"ಸೇರಿಸೋಣ."

"ಸರಿ ಅಕ್ಕೋರೆ. ನಾ ಸ್ವಲ್ಪ ಮಲಗ್ತೇನೆ ಈಗ. ನಿಮ್ಮ ದನಿಯೂ ದಣಿದ ಹಾಗಿದೆ. ಊಟ ಆಯ್ತಾ?"

ಆಗಿರಲಿಲ್ಲ. ಆಯಿತು ಎಂದಳು ಹೀರಾ.